ಟ್ರಯಲ್ ರೂಮಿನ ಬಾಣಂತಿ

ಬಟ್ಟೆ ಕತ್ತರಿಸುವ ಮೇಜಿನ ಕೆಳಗಿದ್ದ ಚಿಂದಿ ಬುಟ್ಟಿಯಿಂದ ಕೀಚ್ ಕೀಚ್ ಸದ್ದು ಬಂದಾಗ, ಇಲಿ ಮರಿ ಹಾಕಿದೆ ಎಂದೇ ಅಕ್ಕ ಅಂದುಕೊಂಡಳು. ಅಡಿಕೋಲು ಹಿಡಿದು ಬಗ್ಗಿದರೆ, ಎರಡು ಹಸಿರು ಕಣ್ಣುಗಳು ಅವಳನ್ನೇ ದುರುಗುಟ್ಟಿ ನೋಡುತ್ತಿದ್ದವು. ದಿನಾ ಹಿಂಬಾಗಿಲಿಗೆ ಊಟಕ್ಕೆ ಬರುತ್ತಿದ್ದ ಬೀದಿಬೆಕ್ಕು, ಬೂದಿ! ಅದರ ಹೊಟ್ಟೆಗೆ ಅಂಟಿಕೊಂಡು ಮೂರು ಮರಿಗಳು. ಇನ್ನೂ ಕಣ್ಣು ಬಿಟ್ಟಿರಲಿಲ್ಲ.

“ನೋಡೇ ಇವಳನ್ನ! ಹೇಳದೆ ಕೇಳದೆ ನಮ್ಮ ಅಂಗಡೀಲೇ ಸಂಸಾರ ಹೂಡಿಬಿಟ್ಟಿದ್ದಾಳೆ,” ಎಂದು ಅಕ್ಕ ತಂಗಿಯನ್ನು ಕರೆದಳು.

ಆ ಹೊಲಿಗೆ ಅಂಗಡಿ ಅಕ್ಕ ತಂಗಿಯರದು. ಅಕ್ಕ ಕತ್ತರಿಸುತ್ತಾಳೆ, ತಂಗಿ ಹೊಲಿಯುತ್ತಾಳೆ. ಬಟ್ಟೆಗೆ ಇಲಿ ಬೀಳದಂತೆ ಕಾಯುವುದು ಮ್ಯಾನೇಜರ್. ಅದು ದಪ್ಪ ಮೋರೆಯ ಗಂಡುಬೆಕ್ಕು. ಗಿರಾಕಿಗಳ ಮುಂದೆ ಅದರ ಗತ್ತು ನೋಡಿಯೇ ಆ ಹೆಸರು ಬಂದದ್ದು.

ಅಕ್ಕನಿಗೆ ಒಂದು ರೂಢಿಯಿತ್ತು. ಹೊಸದಾಗಿ ಯಾರೇ ಕೆಲಸಕ್ಕೆ ಸೇರಲಿ, ಮೊದಲ ದಿನವೇ ಎಲ್ಲರ ನಡುವೆ ಕೂರಿಸಿ ಪರಿಚಯ ಮಾಡಿಸುತ್ತಿದ್ದಳು. ಮೊದಲೇ ಮುಖ ನೋಡಿಕೊಂಡರೆ ಆಮೇಲೆ ತಕರಾರಿಲ್ಲ ಎನ್ನುವುದು ಅವಳ ಲೆಕ್ಕ. ಬೂದಿಗೂ ಅದೇ ಲೆಕ್ಕ ಹಾಕಿದಳು. ಬುಟ್ಟಿಯನ್ನು ಎಳೆದು ಅಂಗಡಿಯ ನಡುವೆ ಇಟ್ಟಳು.

“ಅಕ್ಕಾ, ಬೇಡ ಕಣೇ. ಅವಳು ಹಸಿ ಬಾಣಂತಿ. ಮ್ಯಾನೇಜರ್ ಏನಾದ್ರೂ ಮಾಡಿಬಿಟ್ರೆ?” ಎಂದಳು ತಂಗಿ.

“ಬೆಕ್ಕಿಗೆ ಬೆಕ್ಕು ಏನು ಮಾಡತ್ತೆ? ನಮ್ಮ ಮ್ಯಾನೇಜರ್ ಮರ್ಯಾದಸ್ಥ.”

ಮರ್ಯಾದಸ್ಥನನ್ನು ಕಂಕುಳಲ್ಲಿ ಎತ್ತಿ ತಂದು ಬುಟ್ಟಿಯ ಮುಂದೆ ಬಿಟ್ಟಳು. ಮ್ಯಾನೇಜರ್ ಒಮ್ಮೆ ಮೂಸಿ ನೋಡಿತು. ಬೆನ್ನು ಕಮಾನಾಯಿತು, ಬಾಲದ ಕೂದಲು ನಿಮಿರಿತು. ಪಂಜ ಎತ್ತಿದ್ದೇ ತಡ, ಬೂದಿ ಅದರ ಮೇಲೆ ಹಾರಿತು. ಗುಂಡಿಯ ಡಬ್ಬಿ ಉರುಳಿ ಅಂಗಡಿ ತುಂಬ ಗುಂಡಿಗಳು ಚೆಲ್ಲಾಪಿಲ್ಲಿಯಾದವು. ತಂಗಿ ದಪ್ಪ ಕಂಬಳಿಯೊಂದನ್ನು ಮ್ಯಾನೇಜರ್ ಮೇಲೆ ಎಸೆದು, ಸುತ್ತಿ ಹಿಡಿದು, ಬಟ್ಟೆ ಇಡುವ ಕೋಣೆಗೆ ಹಾಕಿ ಚಿಲಕ ಹಾಕಿದಳು. ಅಷ್ಟರಲ್ಲಿ ಬೂದಿ ಒಂದು ಮರಿಯ ಕತ್ತು ಕಚ್ಚಿಕೊಂಡು ಮೇಜಿನ ಹಿಂದೆ ನುಗ್ಗಿ ಕಣ್ಮರೆಯಾಯಿತು.

ಬುಟ್ಟಿಯಲ್ಲಿ ಉಳಿದ ಎರಡು ಮರಿಗಳು ಕುರುಡು ಮುಖವೆತ್ತಿ ಅರಚತೊಡಗಿದವು.

ಹೊಲಿಯಲು ಕೊಟ್ಟಿದ್ದ ಬಿಳಿ ಕೋಟು ಒಯ್ಯಲು ಪಶುವೈದ್ಯೆ ಒಳಗೆ ಕಾಲಿಟ್ಟದ್ದು ಆಗಲೇ. ಪಕ್ಕದ ಬೀದಿಯ ಆಸ್ಪತ್ರೆಯವಳು, ಅಂಗಡಿಗೆ ಹಳೆಯ ಗಿರಾಕಿ. ತಂಗಿ ಒಂದೇ ಉಸಿರಿಗೆ ಎಲ್ಲ ಹೇಳಿದಳು.

“ಮ್ಯಾನೇಜರ್ ಕೆಟ್ಟವನು ಅಂತಲ್ಲ ಅಕ್ಕಾ,” ಎಂದಳು ವೈದ್ಯೆ. “ಅವನ ಜಾಗದಲ್ಲಿ ಗೊತ್ತಿಲ್ಲದ ವಾಸನೆ ಬಂತು, ರೇಗಿದ. ಇವಳಿಗೆ ಮರಿಗಳ ಚಿಂತೆ, ಮೇಲೆ ಬಿದ್ಲು. ಇವರಿಬ್ಬರ ನಡುವೆ ಅಂಗೈಯಷ್ಟು ಮರಿ ಸಿಕ್ಕಿಕೊಂಡ್ರೆ ಉಳಿಯತ್ತಾ? ಎಷ್ಟೋ ಗಂಡುಬೆಕ್ಕು ಮರೀನ ಕಚ್ಚಿ ಕೊಂದೇ ಬಿಡತ್ತೆ.”

ಅವಳು ಕೈ ತೊಳೆದುಕೊಂಡು ಬುಟ್ಟಿಯೊಳಗೆ ಇಣುಕಿದಳು. ಒಂದು ಮರಿಯ ಹಿಂಗಾಲಿಗೆ ದಾರ ಸುತ್ತಿಕೊಂಡು ಪಾದ ಊದಿತ್ತು.

“ಚಿಂದಿ ಮೆತ್ತಗಿರತ್ತೆ, ನಿಜ. ಆದರೆ ಈ ದಾರ ಇದೆಯಲ್ಲ, ಕಾಲಿಗೇ ಕುಣಿಕೆ. ನಿಮ್ಮ ಸಣ್ಣ ಕತ್ತರಿ ಕೊಡಿ.”

“ನಾನೇ ಕತ್ತರಿಸ್ತೀನಿ,” ಎಂದಳು ಅಕ್ಕ. ಕಾಲಿಗೆ ತಾಗದಂತೆ ಕತ್ತರಿಯ ತುದಿಯನ್ನು ಕುಣಿಕೆಯೊಳಗೆ ತೂರಿಸಿದಳು. ದಾರ ಬಿಟ್ಟುಕೊಂಡಿತು. ಮರಿ ಕಾಲು ಒದರಿತು.

“ಅವಳು ವಾಪಸ್ ಬರದೇ ಇದ್ರೆ ಡಾಕ್ಟ್ರೇ?”

“ನಾವು ಎದುರಿಗೆ ನಿಂತಿದ್ರೆ ಬರೋದಿಲ್ಲ. ಬುಟ್ಟೀನ ಮೊದಲಿದ್ದ ಜಾಗಕ್ಕೇ ತಳ್ಳಿ, ಮಿಷನ್ ನಿಲ್ಲಿಸಿ, ಎಲ್ಲರೂ ಹೊರಗೆ ಬನ್ನಿ. ಆದರೂ ಬರಲಿಲ್ಲ ಅಂದ್ರೆ ನಾನಿದ್ದೀನಿ. ಬೆಚ್ಚಗಿಟ್ಟು, ಬೆಕ್ಕಿನ ಮರಿಗೆ ಅಂತಲೇ ಸಿಗೋ ಹಾಲಿನ ಪುಡಿ ಕಲಸಿ ಕುಡಿಸೋಣ. ಹಸುವಿನ ಹಾಲು ಮಾತ್ರ ಬೇಡ, ಭೇದಿ ಹತ್ತಿಕೊಳ್ಳತ್ತೆ.”

ಹೊಲಿಯಬೇಕಾದ ಶಾಲಾ ಸಮವಸ್ತ್ರಗಳ ರಾಶಿ ಹಾಗೇ ಬಿದ್ದಿತ್ತು. ಮೂವರೂ ಹೊರಗೆ ಮೆಟ್ಟಿಲ ಮೇಲೆ ಕೂತರು. ಅಕ್ಕ ಅಂದಳು: “ಕೈಯಾರೆ ತಾಯಿ ಮಕ್ಕಳನ್ನ ಬೇರೆ ಮಾಡಿಬಿಟ್ಟೆ.”

ತಂಗಿ ಅವಳ ಮಂಡಿ ಅದುಮಿದಳು. “ಶ್! ಅಲ್ನೋಡು.”

ಗಾಜಿನ ಬಾಗಿಲಾಚೆ, ಅರೆ ತೆರೆದಿದ್ದ ಟ್ರಯಲ್ ರೂಮಿನಿಂದ ಬೂದು ಬಣ್ಣದ ಮೂತಿಯೊಂದು ಹೊರಬಂತು. ಬೂದಿ ಎಲ್ಲಿಗೂ ಓಡಿಹೋಗಿರಲಿಲ್ಲ! ಅತ್ತಿತ್ತ ನೋಡಿ, ಮೇಜಿನ ಕೆಳಗೆ ನುಸುಳಿ, ಒಂದು ಮರಿಯನ್ನು ಕಚ್ಚಿ ಒಳಗೊಯ್ದಿತು. ಮತ್ತೆ ಬಂದು ಇನ್ನೊಂದನ್ನೂ ಒಯ್ದಿತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು, ನಗುತ್ತಲೇ.

“ಜಾಗ ಅವಳೇ ಆರಿಸಿಕೊಂಡಿದ್ದಾಳೆ,” ಎಂದಳು ವೈದ್ಯೆ. “ಕತ್ತಲಿದೆ, ಬೆಚ್ಚಗಿದೆ, ಬಾಗಿಲಿದೆ. ಇದಕ್ಕಿಂತ ಒಳ್ಳೇ ಬಾಣಂತಿ ಕೋಣೆ ಬೇಕಾ?”

ಅಕ್ಕನೊಳಗಿನ ಅಂಗಡಿಯವಳು ಅಲ್ಲಿಗೆ ಎಚ್ಚೆತ್ತಳು. “ಅಯ್ಯೋ, ಟ್ರಯಲ್ ರೂಮಾ! ಒಂದು ವಾರ ಇರಲಿ. ಆಮೇಲೆ ಎಲ್ಲರೂ ಒಟ್ಟಿಗಿರಲಿ ಬಿಡಿ.”

“ಅಕ್ಕಾ, ಕೆಂಪು ಬಟ್ಟೆ ಬಿಳಿ ಬಟ್ಟೆ ಒಂದೇ ಬಕೆಟ್ಟಲ್ಲಿ ನೆನೆಸ್ತೀರಾ?”

“ನನಗೇನು ತಲೆ ಕೆಟ್ಟಿದ್ಯಾ? ಮೊದಲು ಬೇರೆ ಬೇರೆ ನೆನೆಸಿ, ಬಣ್ಣ ಬಿಡತ್ತಾ ಅಂತ ನೋಡಬೇಕು.”

“ಇದೂ ಹಾಗೇನೇ. ಬೂದಿಗೆ ಲಸಿಕೆ ಆಗಿಲ್ಲ, ಬೀದೀಲಿ ಬೆಳೆದವಳು. ಅವಳಿಂದ ಮ್ಯಾನೇಜರ್‌ಗೆ, ಅವನಿಂದ ಮರಿಗಳಿಗೆ ರೋಗ ಅಂಟಬಹುದು. ಬೆಕ್ಕಿಗೆ ಬರೋ ವಾಂತಿಭೇದಿ ರೋಗ ತಗುಲಿದ್ರೆ ಇಂಥ ಮರಿಗಳನ್ನ ಉಳಿಸೋದೇ ಕಷ್ಟ. ಮ್ಯಾನೇಜರ್‌ಗೆ ಈ ವರ್ಷದ ಲಸಿಕೆ ಹಾಕಿಸಿದ್ದೀರಾ?”

ಅಕ್ಕ ತಂಗಿಯ ಮುಖ ನೋಡಿದಳು. ತಂಗಿ ಸೂರು ನೋಡಿದಳು.

ಅಕ್ಕ ಒಪ್ಪಿದಳು. ಅವಳು ಒಪ್ಪಿದರೆ ಅರ್ಧಂಬರ್ಧ ಒಪ್ಪುವವಳಲ್ಲ. ಎತ್ತರದ ಅಂಚಿನ ರಟ್ಟಿನ ಪೆಟ್ಟಿಗೆ ತಂದು, ದಾರ ಬಿಡದ ಹಳೆಯ ಬಟ್ಟೆ ಹಾಸಿದಳು. ಒಂದು ಬದಿಗೆ ಊಟ ನೀರು, ದೂರದ ಮೂಲೆಯಲ್ಲಿ ಮಲಮೂತ್ರಕ್ಕೆ ಮರಳಿನ ತಟ್ಟೆ. ತಾಯಿಗೆ ಹಾಲು ಬರಬೇಕಲ್ಲ, ಅದಕ್ಕೆ ದಿನಕ್ಕೆ ಹಲವು ಸಲ ಹೊಟ್ಟೆ ತುಂಬ ಊಟ. ಮರಿಗಳನ್ನು ಸುಮ್ಮಸುಮ್ಮನೆ ಎತ್ತಿ ಮುದ್ದಾಡುವಂತಿಲ್ಲ. ಮ್ಯಾನೇಜರನ್ನು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಒಳಗೆ ಹೋಗುವಂತಿಲ್ಲ. ಬಾಗಿಲ ಮೇಲೆ ರಟ್ಟೊಂದನ್ನು ತೂಗುಹಾಕಿದಳು: ‘ಒಳಗೆ ಬಾಣಂತಿ ಇದ್ದಾಳೆ. ಬಾಗಿಲು ತೆರೆಯಬೇಡಿ.’

ಮ್ಯಾನೇಜರ್‌ಗೆ ಲಸಿಕೆಯಾಯಿತು. ಬೂದಿಯನ್ನೂ ವೈದ್ಯೆ ಬಂದು ಪರೀಕ್ಷಿಸಿದಳು. ಮರಿಗಳು ಕಣ್ಣು ಬಿಟ್ಟು ಓಡಾಡತೊಡಗಿದ ಮೇಲೆ ಒಂದರ ವಾಸನೆ ಇನ್ನೊಂದಕ್ಕೆ ರೂಢಿಯಾಗಲೆಂದು ವೈದ್ಯೆ ಇನ್ನೊಂದು ಉಪಾಯ ಹೇಳಿಕೊಟ್ಟಳು. ಮ್ಯಾನೇಜರ್‌ನ ಕೆನ್ನೆಗೆ ಉಜ್ಜಿದ ಬಟ್ಟೆಯ ತುಂಡು ಬೂದಿಯ ಊಟದ ತಟ್ಟೆಯ ಬಳಿಗೆ, ಬೂದಿ ಮಲಗಿದ ತುಂಡು ಮ್ಯಾನೇಜರ್‌ನ ತಟ್ಟೆಯ ಬಳಿಗೆ. ಹೊಲಿಗೆ ಅಂಗಡಿಯಲ್ಲಿ ತುಂಡು ಬಟ್ಟೆಗೇನು ಬರ! ಮೊದಮೊದಲು ಮ್ಯಾನೇಜರ್ ಆ ತುಂಡನ್ನು ಕಂಡರೆ ಗುರ್ ಎನ್ನುತ್ತಿತ್ತು, ಆಮೇಲೆ ಅದರ ಮೇಲೆಯೇ ಮಲಗಿ ಗೊರಕೆ ಹೊಡೆಯತೊಡಗಿತು.

ಈ ನಡುವೆ ಒಬ್ಬ ಗಿರಾಕಿ ಹೊಸ ಪ್ಯಾಂಟು ಹಿಡಿದು ಟ್ರಯಲ್ ರೂಮಿನ ಚಿಲಕಕ್ಕೆ ಕೈ ಹಾಕಿದ. ಅಕ್ಕ ಅಳತೆ ಟೇಪು ಕೊರಳಲ್ಲಿರುವಾಗಲೇ ಓಡಿಬಂದು ಬಾಗಿಲಿಗೆ ಅಡ್ಡ ನಿಂತು, ಒಳಗೆ ಬೆಕ್ಕು ಮರಿ ಹಾಕಿದೆ ಎಂದಳು.

“ಆ ಗಂಡುಬೆಕ್ಕಿನ ಜೊತೇಲೇ ಬಿಡಬಾರದೇನಮ್ಮಾ? ಬೆಕ್ಕಿಗೆ ಬೆಕ್ಕು ಏನು ಮಾಡತ್ತೆ?” ಎಂದ ಅವನು.

“ನಾನೂ ಹೀಗೇ ಅಂದಿದ್ದೆ ಸ್ವಾಮಿ. ಪ್ಯಾಂಟು ಮನೇಲಿ ಹಾಕಿ ನೋಡಿ. ಸರಿ ಹೋಗದಿದ್ರೆ ಬಿಚ್ಚಿ ಮತ್ತೆ ಹೊಲಿದು ಕೊಡ್ತೀವಿ. ಮರಿಗೆ ಏನಾದ್ರೂ ಆದ್ರೆ ನಮ್ಮ ಕೈಲಿ ಹೊಲಿಯೋಕಾಗಲ್ಲ.”

ಎರಡು ತಿಂಗಳು ತುಂಬುವ ಹೊತ್ತಿಗೆ ಮರಿಗಳಿಗೆ ಮೊದಲ ಲಸಿಕೆ ಬಿತ್ತು. ಮುಂದಿನದಕ್ಕೆ ಬರಬೇಕಾದ ದಿನವನ್ನೂ ವೈದ್ಯೆ ಹೇಳಿದಳು. ಮರಿಗಳು ಹಾಲು ಬಿಟ್ಟ ಮೇಲೆ ಬೂದಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯೂ ಆಯಿತು. ವೈದ್ಯೆ ಸರಿ ಎಂದ ಮೇಲೆಯೇ ಮ್ಯಾನೇಜರ್ ತಾಯಿ ಮರಿಗಳನ್ನು ನೋಡಿದ್ದು, ಅದೂ ಜಾಲರಿಯ ಆಚೆಯಿಂದ, ಅಕ್ಕ ಪಕ್ಕದಲ್ಲೇ ಕೂತಿರುವಾಗ. ದಾರ ಸುತ್ತಿಕೊಂಡಿದ್ದ ಮರಿಯೇ ಎಲ್ಲಕ್ಕಿಂತ ಮೊದಲು ಜಾಲರಿಗೆ ಮೂಗು ತಾಗಿಸಿತು. ಮ್ಯಾನೇಜರ್ ಮೂಸಿತು, ಆಕಳಿಸಿತು, ಅಲ್ಲೇ ಮಲಗಿತು.

ನಿಮ್ಮ ಮೇಜಿನ ಕೆಳಗೆ, ಅಟ್ಟದ ಮೇಲೆ, ಸೌದೆ ಸಂದಿಯಲ್ಲಿ ನಾಳೆ ಒಂದು ಬೀದಿಬೆಕ್ಕು ಮರಿ ಹಾಕಬಹುದು. ದಯವಿಟ್ಟು ಪರಿಚಯ ಮಾಡಿಸುವ ಆತುರ ಬೇಡ. ತಾಯಿ ಮರಿಗಳಿಗೆ ಬಾಗಿಲಿರುವ ಒಂದು ಮೂಲೆ ಕೊಡಿ, ಮನೆಯ ಬೆಕ್ಕನ್ನು ದೂರವಿಡಿ, ಕೈ ತೊಳೆಯಿರಿ, ಪಶುವೈದ್ಯರಿಗೆ ಹೇಳಿಕಳಿಸಿ. ಉಳಿದದ್ದನ್ನೆಲ್ಲ ಆ ತಾಯಿಯೇ ನೋಡಿಕೊಳ್ಳುತ್ತದೆ. ನೀವು ಬಾಗಿಲು ಕಾಯಿರಿ, ಸಾಕು.