ಮೈಕಿಗೆ ಬಂದ ಗೊಗ್ಗರು

ಬಸ್ ನಿಲ್ದಾಣದ ಅನೌನ್ಸರ್‌ಗೆ ತನ್ನ ದನಿಯ ಮೇಲಿದ್ದ ಜಂಭ ಅಷ್ಟಿಷ್ಟಲ್ಲ. ಹಾಗಾಗಿ ಸ್ಪೀಕರಿನಲ್ಲಿ ದನಿ ಗೊರಗೊರ ಎನ್ನತೊಡಗಿದಾಗ ಅವನು ಅನುಮಾನಪಟ್ಟದ್ದು ಮೈಕಿನ ಮೇಲೆ. ದೂರು ಬರೆದ, ಮೈಕ್ ಬದಲಾಯಿತು. ಇನ್ನೊಂದು ದೂರಿಗೆ ವೈರು, ಮತ್ತೊಂದಕ್ಕೆ ಸ್ಪೀಕರು. ದೂರು ಬರೆಯುವುದರಲ್ಲಿ ಕೈ ಪಳಗಿತೇ ಹೊರತು ಗೊರಗೊರ ಹೋಗಲಿಲ್ಲ.

"ಮನೇಲೂ ಹಾಗೇ ಕೇಳ್ಸುತ್ತಲ್ರೀ, ಇಲ್ಲೂ ಮೈಕ್ ಕೆಟ್ಟಿದ್ಯಾ?" ಎಂದಳು ಹೆಂಡತಿ.

ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಜ್ವರವಿಲ್ಲ, ನೆಗಡಿಯಿಲ್ಲ, ಗಂಟಲುನೋವಂತೂ ಇಲ್ಲವೇ ಇಲ್ಲ. ಇನ್ನು ಕಾಯಿಲೆ ಎಲ್ಲಿಂದ ಬರಬೇಕು? ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಿತ್ತು, ಅಷ್ಟೇ. ಪ್ರತಿ ಬಸ್ಸಿಗೂ ಮೊದಲು ಎರಡು ಸಲ ಕ್ಯಾಕರಿಸುತ್ತಿದ್ದ. ಪ್ರಯಾಣಿಕರು ಅದನ್ನು ಕೇಳಿಯೇ ಚೀಲ ಎತ್ತಿಕೊಳ್ಳುವುದನ್ನು ಕಲಿತಿದ್ದರು.

ಕೊನೆಗೆ ರಿಪೇರಿಯವನೇ ಅವನ ಕುರ್ಚಿಯಲ್ಲಿ ಕೂತು "ಹಲೋ, ಒಂದು, ಎರಡು" ಎಂದ. ನಿಲ್ದಾಣಕ್ಕೆಲ್ಲ ಸ್ವಚ್ಛವಾಗಿ ಕೇಳಿಸಿತು.

"ಸಾರ್, ಇನ್ನು ಬದಲಾಯ್ಸೋಕೆ ಉಳಿದಿರೋದು ನೀವೊಬ್ರೇ."

ಅವನ ಚಿಕ್ಕಪ್ಪನಿಗೂ ಹೀಗೇ ನೋವಿಲ್ಲದೆ ದನಿ ಒಡೆದಿತ್ತು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಕ್ಯಾನ್ಸರ್ ಕೈಮೀರಿತ್ತು. ಅದು ನೆನಪಿದ್ದದ್ದಕ್ಕೇ ಈ ಮಹಾಶಯ ಪಾಪದ ಮೈಕಿನ ಮೇಲೆ ಗೂಬೆ ಕೂರಿಸಿದ್ದು. ಅವನಿಗೆ ಹೆದರಿಕೆಯಾಗಿತ್ತು, ಬೇರೇನೂ ಅಲ್ಲ.

"ಎಷ್ಟು ದಿನದಿಂದ ಹೀಗೆ?" ಎಂದು ಕೇಳಿದರು ಗಂಟಲಿನ ಡಾಕ್ಟರಮ್ಮ.

"ಒಂದು ವಾರ..."

"ಏಳು ವಾರ," ಎಂದಳು ಹೆಂಡತಿ.

"ನೋವಿರ್ಲಿ ಬಿಡ್ಲಿ, ಗೊಗ್ಗರು ಮೂರು ವಾರ ದಾಟಿದ್ರೆ ತೋರಿಸ್ಲೇಬೇಕು," ಎಂದು ಗದರಿ, ಹೆಂಡತಿಯನ್ನು ಹೊರಗೆ ಕೂರಿಸಿ, ಅವನ ಮೂಗಿನಿಂದ ಸಣ್ಣ ಕ್ಯಾಮರಾ ಇಳಿಸಿದರು. ಅವನು ಪರದೆ ನೋಡಲಿಲ್ಲ, ಡಾಕ್ಟರಮ್ಮನ ಮುಖವನ್ನೇ ನೋಡುತ್ತಿದ್ದ.

"ಕ್ಯಾನ್ಸರ್ ಅಲ್ಲ, ಹೆದರ್ಬೇಡಿ. ಕೂಗಿ ಕೂಗಿ ಧ್ವನಿತಂತುಗಳಲ್ಲಿ ಎರಡು ಸಣ್ಣ ಗಂಟಾಗಿದೆ. ಎರಡು ವಾರ ಮಾತು ಬಂದ್. ಪಿಸುಮಾತೂ ಬೇಡ, ಕ್ಯಾಕರ್ಸೋದೂ ಬೇಡ. ಈಗಿಂದ್ಲೇ!"

ಹೊರಗೆ ಹೆಂಡತಿ ಎದ್ದು ನಿಂತಳು. "ಏನಂದ್ರು? ಅದೇನಾ?"

ಇಪ್ಪತ್ತಾರು ವರ್ಷ ಊರವರ ಬಸ್ಸುಗಳನ್ನು ಸಾರಿದವನಿಗೆ ಇವತ್ತು ತನ್ನದೇ ಒಂದು ಸುದ್ದಿಯಿತ್ತು, ಸಾರುವ ಹಾಗಿರಲಿಲ್ಲ. ಶಿಸ್ತಿನ ರೋಗಿಯಂತೆ ಬಾಯಿ ಮುಚ್ಚಿಕೊಂಡು, ಅಲ್ಲ ಎಂದು ಮೆಲ್ಲಗೆ ತಲೆಯಾಡಿಸಿದ. ಆ ತಲೆಯಾಟಕ್ಕೆ ಇನ್ನು ಆಸೆಯಿಲ್ಲ ಎಂದೇ ಅರ್ಥ ಮಾಡಿಕೊಂಡ ಹೆಂಡತಿ ಬೆಂಚಿನ ಮೇಲೆ ಕುಸಿದು ಅಳತೊಡಗಿದಳು.

"ಏನೂ ಇಲ್ಲ ಕಣೇ!" ಎಂದು ಅವನು ಒದರಿಬಿಟ್ಟ.

"ಮಾತಾಡ್ಬೇಡಿ ಅಂದ್ನಲ್ಲ!" ಒಳಗಿನಿಂದ ಡಾಕ್ಟರಮ್ಮನ ಕೂಗು.

ಹೆಂಡತಿ ಅಳುತ್ತಲೇ ಎದ್ದು ಬಂದು ಅವನ ಬಾಯಿಗೆ ಕೈ ಅಡ್ಡ ಹಿಡಿದಳು.