ಮುನಿವೆಂಕಟಮ್ಮ ಹೊರದ ಅರಿವೇಣಿ

ಐವತ್ತೆಂಟರ ಬೇಸಿಗೆ. ಯಡಿಯೂರಿನ ತಿಮ್ಮರಾಯಪ್ಪನ ಮನೆಯಲ್ಲಿ ಮಗಳ ಮದುವೆ. ಕೆರೆಯಾಚೆ ಅವನ ರಾಗಿ ಹೊಲವಿದ್ದ ಕಡೆ ಈಗ ಜಯನಗರದ ಬಡಾವಣೆಗೆ ಕಲ್ಲು ನೆಟ್ಟು ರಸ್ತೆ ಎಳೆದಿದ್ದರು. ಹೊಲ ಹೋದರೂ ಗತ್ತು ಹೋಗಿಲ್ಲ ಎಂದು ತೋರಿಸಲು ಮನುಷ್ಯ ಬೀದಿಯುದ್ದಕ್ಕೂ ಚಪ್ಪರ ಹಾಕಿಸಿದ್ದ. ಗಂಡಿನ ಕಡೆಯವರು ಹೊಸಕೆರೆಹಳ್ಳಿಯಿಂದ ಗಾಡಿ ಕಟ್ಟಿಕೊಂಡು ಹಿಂದಿನ ದಿನ ಮಧ್ಯಾಹ್ನವೇ ಬಂದಿಳಿದರು. ಕುಡಿದರೆ ಪಾನಕ ಸಾಲದು, ಕೂತರೆ ಚಾಪೆ ಸಾಲದು. ಗಂಡಿನ ಕಡೆಯವರೆಂದರೆ ಹಾಗೇ ತಾನೇ.

ಮದುವಣಗಿತ್ತಿ ಜಯಾ ಮೈತುಂಬ ಅರಿಶಿನ ಹಚ್ಚಿಸಿಕೊಂಡು ನಡುಮನೆಯಲ್ಲಿ ಕೂತಿದ್ದಳು. ಅವಳ ತಾಯಿ ಮುನಿವೆಂಕಟಮ್ಮ ಎಂದಿನಂತೆ ಒಲೆಯ ಮುಂದೆ. ಯಾರ ಮನೆಯ ಮದುವೆಯಾದರೂ ಅವಳು ಅಡುಗೆಮನೆ ಸೇರಿದರೆ ಹೊರಗೆ ಬರುವವಳಲ್ಲ. ದುಡಿದರೆ ಮುನಿವೆಂಕಟಮ್ಮನಂತೆ ದುಡಿಯಬೇಕು ಎಂದು ಊರೆಲ್ಲ ಹೊಗಳುತ್ತಿತ್ತು. ಜಯಾಳಿಗೂ ಅದೇ ಹೆಮ್ಮೆ. ಇವತ್ತು ಮಾತ್ರ ಸಿಟ್ಟು ಬಂದಿತ್ತು. ಹೆತ್ತ ಮಗಳಿಗೆ ಅರಿಶಿನ ಹಚ್ಚಲೂ ಅವ್ವ ಬರಲಿಲ್ಲ. ಸಾರು ಉಕ್ಕುತ್ತದೆ ಅಂದುಬಿಟ್ಟಳು.

ಸಂಜೆಗೆ ಅರಿವೇಣಿ ತರುವ ಶಾಸ್ತ್ರ. ಕುಂಬಾರರ ಮನೆಯಲ್ಲಿ ಬಣ್ಣ ಬಳಿದಿಟ್ಟ ಮಡಕೆಗಳಿಗೆ ಪೂಜೆ ಮಾಡಿ, ಮುತ್ತೈದೆಯರು ತಲೆಯ ಮೇಲೆ ಹೊತ್ತು, ವಾಲಗದ ಜೊತೆ ಚಪ್ಪರಕ್ಕೆ ತಂದಿಳಿಸಬೇಕು. ಅದಾಗದೆ ಧಾರೆಯಿಲ್ಲ. ಜಯಾಳ ಸೋದರತ್ತೆ ಲಕ್ಷ್ಮಮ್ಮ ತಲೆಗೆ ಸಿಂಬಿ ಸುತ್ತಿಕೊಂಡು ಹೊರಟೇ ನಿಂತಿದ್ದಳು. ಅಷ್ಟರಲ್ಲಿ ಗಂಡಿನ ತಾಯಿ ಬೈರಮ್ಮ ಅಡ್ಡ ಬಂದಳು.

“ನಮ್ ಮನೆತನ್ದಲ್ಲಿ ಮೊದಲ್ನೇ ಮಡಕೆ ಹೆಣ್ ಹೆತ್ತೋಳೇ ಹೊರೋದು. ಬೀಗಿತ್ತೀನ ಕರೀರಿ.”

ಲಕ್ಷ್ಮಮ್ಮ ನಕ್ಕಳು, ಕೆಮ್ಮಿದಳು, ನಮ್ಮಲ್ಲಿ ಸೋದರತ್ತೆಯೇ ಹೊರುವುದು ಎಂದಳು. ಬೈರಮ್ಮ ಜಗ್ಗುವ ಪೈಕಿಯಲ್ಲ. ತಿಮ್ಮರಾಯಪ್ಪ ಚಪ್ಪರದ ಕಂಬ ಹಿಡಿದು ನಿಂತುಬಿಟ್ಟ. ಅಪ್ಪನ ಮುಖ ಹಾಗೆ ಬಿಳಿಚಿಕೊಂಡದ್ದನ್ನು ಜಯಾ ಹೊಲ ಹೋದ ದಿನವೂ ನೋಡಿರಲಿಲ್ಲ. ಅವಳೇ ಎದ್ದು ಅಡುಗೆಮನೆಗೆ ಓಡಿದಳು.

“ಏಳವ್ವ, ಸಾಕು ನಿನ್ ಸಾರು. ಮಡಕೆ ನೀನೇ ಹೊರ್ಬೇಕಂತೆ.”

ಮುನಿವೆಂಕಟಮ್ಮನ ಕೈಯಲ್ಲಿದ್ದ ಸೌಟು ನಿಂತಿತು. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದು, ಮಗಳ ಕಿವಿಯ ಹತ್ತಿರ ಹೇಳಿದಳು: “ನಾನ್ ಹೊರೋ ಹಂಗಿಲ್ಲ ಮಗಾ. ನಂದು ಕೂಡಾವಳಿ.”

ಕೂಡಾವಳಿ ಎಂದರೇನೆಂದು ಜಯಾಳಿಗೆ ಗೊತ್ತಿತ್ತು. ಗಂಡ ಸತ್ತವಳಿಗೆ ಇನ್ನೊಬ್ಬ ಸೀರೆ ಉಡಿಸಿ, ತಾಳಿ ಕಟ್ಟಿ, ಮನೆಗೆ ಕರೆತರುವುದು. ಧಾರೆಯಿಲ್ಲ, ವಾಲಗವಿಲ್ಲ. ಹಾಗೆ ಬಂದವಳು ಸಂಸಾರ ಮಾಡಬಹುದು, ಮಕ್ಕಳನ್ನು ಹೆರಬಹುದು, ಊರಿಗೆಲ್ಲ ಬೇಯಿಸಿ ಹಾಕಬಹುದು. ಮದುವೆಯ ಶಾಸ್ತ್ರಕ್ಕೆ ಮಾತ್ರ ಕೈ ಹಾಕುವಂತಿಲ್ಲ. ಅವಳ ಹೊಟ್ಟೆಯಲ್ಲಿ ಹುಟ್ಟಿದ ಹೆಣ್ಣನ್ನು ಬೈರಮ್ಮನಂಥವರು ಸೊಸೆಯಾಗಿ ತರುವುದೂ ಇಲ್ಲ.

“ನಿಮ್ಮಪ್ಪ, ನಿಮ್ಮತ್ತೆ, ಇಬ್ರಿಗೇ ಗೊತ್ತಿರೋದು. ಮಾಗಡಿ ಕಡೆಯಿಂದ ಕರ್ಕೊಂಬಂದ್ರು. ಅಲ್ಲಿ...” ಮುನಿವೆಂಕಟಮ್ಮ ಒಲೆಯ ಕೊಳ್ಳಿ ಹಿಂದಕ್ಕೆಳೆದಳು. “ಅಲ್ಲಿ ಒಂದು ಗಂಡು ಮಗು ಇತ್ತು. ಅದನ್ನ ಸತ್ತೋನ ಮನೇಲೇ ಬಿಟ್ಟು ಬರ್ಬೇಕು, ಅದೇ ಕಟ್ಟಳೆ. ಬಿಟ್ಟು ಬಂದೆ.”

ಒಲೆಯ ಮುಂದಿನ ಆ ಮುಖವನ್ನು ಹುಟ್ಟಿದಾಗಿನಿಂದ ನೋಡುತ್ತ ಬಂದಿದ್ದೆನಲ್ಲ, ಏನೂ ಕಂಡಿರಲಿಲ್ಲವಲ್ಲ ಎಂದು ಜಯಾ ತನ್ನನ್ನೇ ಬೈದುಕೊಂಡಳು. “ಹೊತ್ಬಿಡವ್ವ. ಇಷ್ಟ್ ವರ್ಷ ಗೊತ್ತಾಗದ್ದು ಇವತ್ತೇನ್ ಗೊತ್ತಾಗುತ್ತೆ?”

“ನಂಗ್ ಗೊತ್ತಲ್ಲ. ನಾನ್ ಮುಟ್ಟಿ, ನಾಳೆ ನಿನ್ ತಾಳಿಗೇನಾದ್ರೂ ಆದ್ರೆ?”

ಹೊತ್ತರೆ ಅವ್ವ ಜೀವ ಇರುವ ತನಕ ಅಳಿಯ ಕೆಮ್ಮಿದರೂ ನಡುಗುತ್ತಾಳೆ. ಹೊರದಿದ್ದರೆ ಬೈರಮ್ಮ ಯಾಕೆ ಎನ್ನುತ್ತಾಳೆ, ಗಾಡಿ ತಿರುಗಿಸುತ್ತಾಳೆ. ಅತ್ತ ದರಿ, ಇತ್ತ ಪುಲಿ. ಅಷ್ಟರಲ್ಲಿ ಬಾಗಿಲು ತಳ್ಳಿದವಳು ಬೈರಮ್ಮನೇ.

“ಏನ್ ತಾಯಿ ಮಗಳ ಗುಸುಗುಸು? ವಾಲಗದೋರು ಕಾಯ್ತಾವ್ರೆ.”

“ಅವ್ವ ಬರೋ ಹಂಗಿಲ್ಲ ಅತ್ತೆ,” ಎಂದಳು ಜಯಾ. ಮುಂದಿನ ಮಾತು ತಾನಾಗಿ ಬಾಯಿಗೆ ಬಂತು. “ಈಗ್ಲೇ ಹೊರಗಾದ್ಲು.”

ಹೆಂಗಸು ತಿಂಗಳ ಮುಟ್ಟಾದರೆ ಯಾಕೆ ಎಂದು ಕೇಳುವವರಿಲ್ಲ. ಬೈರಮ್ಮ ಸರಕ್ಕನೆ ಹಿಂದೆ ಸರಿದಳು. “ಅಯ್ ಶಿವನೇ, ಒಲೆ ಮುಂದೇನಾ! ಮೊದ್ಲು ಆಚೆ ಬರ್ಲಿ.”

ಗೆದ್ದೆ ಅಂದುಕೊಂಡಳು ಜಯಾ. ಲಕ್ಷ್ಮಮ್ಮ ಗಂಜಲ ತಂದು ಅಡುಗೆಮನೆಗೆಲ್ಲ ಚಿಮುಕಿಸುವವರೆಗೂ ಆ ಗೆಲುವು ಉಳಿದಿತ್ತು. ಹೊರಗಾದವಳು ಒಲೆ ಮುಟ್ಟುವಂತಿಲ್ಲ, ಚಪ್ಪರಕ್ಕೆ ಕಾಲಿಡುವಂತಿಲ್ಲ, ಧಾರೆ ನೋಡುವಂತಿಲ್ಲ. ಅವ್ವನಿಗೆ ಉಳಿದಿದ್ದ ಅಡುಗೆಮನೆಯನ್ನೂ ಮಗಳ ಸುಳ್ಳು ಕಿತ್ತುಕೊಂಡಿತು. ಮುನಿವೆಂಕಟಮ್ಮ ಸೌಟು ಕೆಳಗಿಟ್ಟು, ಒಂದು ಹಳೇ ಚಾಪೆ ಹಿಡಿದು, ಹಿತ್ತಲ ದನದ ಕೊಟ್ಟಿಗೆಗೆ ನಡೆದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವಾಪಸು ತೆಗೆದುಕೊಳ್ಳಲು ಜಯಾಳಿಗೆ ದಾರಿಯಿರಲಿಲ್ಲ.

ಬೈರಮ್ಮನಿಗಂತೂ ಸೊಸೆಯ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. “ಬೇರೆಯೋರಾಗಿದ್ರೆ ಮುಚ್ಚಿಟ್ಕೊಂಡು ಮಡಕೆ ಹೊರ್ಸೋರು. ಈ ಹುಡುಗಿ ಬಾಯಲ್ಲಿ ಸುಳ್ಳೇ ಬರಲ್ಲ,” ಎಂದು ಚಪ್ಪರದ ತುಂಬ ಹೇಳಿಕೊಂಡು ಓಡಾಡಿದಳು.

ಮರುದಿನ ಧಾರೆಯಾಯಿತು. ಅಪ್ಪ ಅವ್ವ ನಿಲ್ಲಬೇಕಾದ ಕಡೆ ಲಕ್ಷ್ಮಮ್ಮನೂ ಅವಳ ಗಂಡನೂ ನಿಂತು ಎರೆದರು. ಅದಕ್ಕೆ ಯಾವುದೋ ಹರಕೆಯ ನೆಪವನ್ನು ಮೊದಲೇ ಹುಡುಕಿಟ್ಟಿದ್ದರು. ಮಡಕೆ ಹೊರಲು ಕರೆಯುತ್ತಾರೆ ಎಂಬುದೊಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ತಾಳಿ ಬಿಗಿಯುವಾಗ ಜಯಾ ಅತ್ತಳು. ಎಲ್ಲ ಹುಡುಗಿಯರೂ ಅಳುತ್ತಾರೆ ಎಂದು ನೆಂಟರು ನಕ್ಕರು.

ಗಾಡಿ ಹೊರಡುವ ಹೊತ್ತಿಗೆ ಅವಳು ಯಾರನ್ನೂ ಕೇಳದೆ ಹಿತ್ತಲಿಗೆ ಹೋದಳು. ಮುನಿವೆಂಕಟಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ಜಯಾ ಕಾಲು ಮುಟ್ಟಲು ಬಾಗುತ್ತಲೇ ಮುನ್ನುಗ್ಗಿದಳು.

“ಏಯ್, ಮುಟ್ಬೇಡ್ವೇ! ಹೊಸ ತಾಳಿ!” ಹಿಂದಿನಿಂದ ಬೈರಮ್ಮ ಕೂಗಿದಳು.

ಜಯಾ ನಿಲ್ಲಲಿಲ್ಲ. ಎಲ್ಲಿಯ ಮೈಲಿಗೆ, ಮದುವೆ ಹಾಳಾದರೆ ಹಾಳಾಗಲಿ, ಅವ್ವನನ್ನು ಒಂದು ಸಲ ತಬ್ಬಿಕೊಂಡರೆ ಸಾಕಿತ್ತು. ಹಿಂದೆ ಸರಿದವಳು ಮುನಿವೆಂಕಟಮ್ಮನೇ. ದನಗಳ ನಡುವೆ ಸರಿದು ಸರಿದು ಗೋಡೆಗೆ ಬೆನ್ನು ಹಚ್ಚಿ ನಿಂತು, ಬೈರಮ್ಮನಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದಳು:

“ದೂರ ಇರು ಮಗಾ. ನಾನು ಹೊರಗಾಗಿದೀನಿ.”

ಜಯಾ ಇದ್ದಲ್ಲೇ ಮಂಡಿಯೂರಿ ಸೆಗಣಿ ನೆಲಕ್ಕೆ ಹಣೆ ಹಚ್ಚಿದಳು. ಅವಳ ಹಣೆಗೂ ಅವ್ವನ ಕಾಲಿಗೂ ನಡುವೆ ಒಂದು ಮಾರು ನೆಲ ಉಳಿಯಿತು. ಬೈರಮ್ಮ ಬಂದು, ಒಳ್ಳೇ ಹುಡುಗಿ ಎನ್ನುತ್ತ ತೋಳು ಹಿಡಿದು ಎಬ್ಬಿಸಿ, ಗಾಡಿಗೆ ಕರೆದುಕೊಂಡು ಹೋದಳು.