ತಾನಾಗಿ ತಿರುಗಿದ ಕ್ಯಾಮೆರಾ

ಪಾಸ್‌ವರ್ಡ್ ಎಂದರೆ ಸಾಕು, ಟೈಲರಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಫೋನಿಗೊಂದು, ಬ್ಯಾಂಕಿಗೊಂದು, ಮಗಳ ಶಾಲೆಯ ಆ್ಯಪಿಗೊಂದು. ಮೂರು ಸಲ ತಪ್ಪಾಗಿ ಒತ್ತಿದರೆ ಕಥೆ ಮುಗಿಯಿತು. "ನನ್ನ ಫೋನಿಗೆ ನಾನೇ ಕಳ್ಳಿ ಆಗ್ಬಿಟ್ನಲ್ಲ!" ಎಂದು ಗೊಣಗುತ್ತಿದ್ದಳು.

ಹಾಗಾಗಿ ಹೊಲಿಗೆ ಅಂಗಡಿಯಲ್ಲಿ ಎರಡು ಸಲ ಬಟ್ಟೆ ಕಳುವಾಗಿ, ಗಂಡ ಒಂದು ಕ್ಯಾಮೆರಾ ತಂದು ಗೋಡೆಗೆ ಹಾಕಿದಾಗ, ಪಾಸ್‌ವರ್ಡ್ ಬದಲಾಯಿಸುವ ಗೋಜಿಗೆ ಇಬ್ಬರೂ ಹೋಗಲಿಲ್ಲ. ಡಬ್ಬದ ಮೇಲೆ ಅಚ್ಚಾಗಿದ್ದ ಆರು ಅಂಕಿಯೇ ಇರಲಿ ಎಂದರು.

ಗಂಡ ಕಾರು ರಿಪೇರಿ ಮೆಕ್ಯಾನಿಕ್. ಗ್ಯಾರೇಜಿನಲ್ಲಿ ಕುಳಿತೇ ಫೋನಿನಲ್ಲಿ ಅಂಗಡಿ ನೋಡಬಹುದು, ಬೆರಳಾಡಿಸಿ ಕ್ಯಾಮೆರಾ ತಿರುಗಿಸಬಹುದು. "ಇನ್ನು ಒಂದು ಗುಂಡಿ ಕೂಡ ಆಚೆ ಹೋಗಲ್ಲ ನೋಡು" ಎಂದು ಬೀಗಿದ್ದ.

ಒಂದು ಮಧ್ಯಾಹ್ನ ನರ್ಸಮ್ಮ ಬಂದರು. ಹೊಸ ಉಡುಪು ತೊಟ್ಟು ಅಳತೆ ನೋಡಲು ಮೂಲೆಯ ಪರದೆಯ ಹಿಂದೆ ಹೋದರು. ಹೊರಗೆ ಟೈಲರಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಬೇರೊಂದು ಬಟ್ಟೆಯ ಕಾಲರ್ ಹಿಡಿದಿದ್ದಳು. ತಲೆಯ ಮೇಲೆ ಗುರ್ರ್ ಎಂದು ಸಣ್ಣ ಸದ್ದಾಯಿತು.

ಬಾಗಿಲ ಕಡೆ ನೋಡುತ್ತಿದ್ದ ಕ್ಯಾಮೆರಾ ನಿಧಾನವಾಗಿ ತಿರುಗಿ, ಪರದೆಯ ಮೇಲಿನ ಸಂದಿಗೆ ಮುಖಮಾಡಿ ನಿಂತಿತು.

ಅವಳಿಗೆ ಸಿಟ್ಟು ನೆತ್ತಿಗೇರಿತು. ಬಾಯಿಂದ ಸೂಜಿ ತೆಗೆದು, ಬಾಗಿಲ ಬಳಿ ಹೋಗಿ ಪಿಸುದನಿಯಲ್ಲಿ ಗಂಡನಿಗೆ ಫೋನ್ ಮಾಡಿದಳು. "ಏನ್ರೀ, ನಾಚಿಕೆ ಆಗಲ್ವಾ? ಕ್ಯಾಮೆರಾ ಯಾಕೆ ತಿರುಗಿಸ್ತಿದ್ದೀರಿ?"

"ನಾನಾ? ನಾನು ಕಾರಿನ ಕೆಳಗೆ ಮಲಗಿದ್ದೀನಿ ಕಣೇ. ಕೈ ತುಂಬಾ ಗ್ರೀಸು. ಈ ಫೋನೂ ಮೊಣಕೈಯಲ್ಲೇ ಎತ್ತಿದ್ದು!"

ಅವಳು ಫೋನ್ ಇಳಿಸಿದಳು. ಎರಡು ಹೆಜ್ಜೆ ಪಕ್ಕಕ್ಕೆ ಇಟ್ಟಳು. ಕ್ಯಾಮೆರಾ ಅವಳ ಹಿಂದೆಯೇ ತಿರುಗಿತು.

ಸ್ಟೂಲ್ ಹತ್ತಿ ವೈರ್ ಕಿತ್ತು ಹಾಕಿದಳು.

"ಏನಾಯ್ತಕ್ಕ?" ಒಳಗಿನಿಂದ ನರ್ಸಮ್ಮ ಕೇಳಿದರು.

"ಏನಿಲ್ಲ. ಕರೆಂಟು... ಏನೋ ಸುಟ್ಟ ವಾಸನೆ ಬಂತು."

ಸಂಜೆ ನಾದಿನಿ ಬಂದಳು. ಅವಳು ಒಂದು ಕಚೇರಿಯಲ್ಲಿ ಕಂಪ್ಯೂಟರ್ ನೆಟ್‌ವರ್ಕ್ ನೋಡಿಕೊಳ್ಳುವವಳು. ಅಣ್ಣನ ಫೋನ್ ಇಸಿದುಕೊಂಡು ಕ್ಯಾಮೆರಾ ಆ್ಯಪ್ ತೆರೆದು, ಯಾವ ಯಾವ ಫೋನಿನಿಂದ ಯಾರು ಒಳಬಂದಿದ್ದಾರೆ ಎಂಬ ಪಟ್ಟಿ ತೆಗೆದಳು. ಅವಳ ಮುಖ ಗಂಭೀರವಾಯಿತು.

"ಅತ್ತಿಗೆ, ನಿಮ್ಮದಲ್ಲದ ಎರಡು ಫೋನ್ ಇದೆ. ಹನ್ನೊಂದು ದಿನದಿಂದ ನೋಡ್ತಿದ್ದಾರೆ."

ಅಣ್ಣ ಒಪ್ಪಲಿಲ್ಲ. "ನಮ್ಮ ಅಂಗಡೀಲಿ ಏನಿದೆ ನೋಡೋಕೆ? ಸೂಜಿ, ದಾರ. ಯಾರಿಗೆ ಬೇಕು?"

"ಸೂಜಿ ನೋಡೋಕೆ ಬಂದಿಲ್ಲ ಅಣ್ಣ. ಬಟ್ಟೆ ಬದಲಾಯಿಸೋರನ್ನ ನೋಡೋಕೆ ಬಂದಿದ್ದಾರೆ."

ಅವನು ಪರದೆಯ ಕಡೆ ತಿರುಗಿ ನೋಡಿದ.

"ನಮ್ಮ ವಿಳಾಸ ಅವರಿಗೆ ಹೇಗೆ ಸಿಕ್ತು?" ಟೈಲರಕ್ಕ ಕೇಳಿದಳು.

"ವಿಳಾಸ ಬೇಡ ಅತ್ತಿಗೆ. ಈ ಥರದ ಎಷ್ಟೋ ಡಬ್ಬದ ಮೇಲೆ ಅದೇ ಆರು ಅಂಕಿ ಇರುತ್ತೆ. ಇಂಟರ್ನೆಟ್ಟಲ್ಲಿ ಸಿಗೋ ಕ್ಯಾಮೆರಾಗಳಿಗೆ ಅದನ್ನೇ ಸಾಲಾಗಿ ಹಾಕಿ ನೋಡ್ತಾ ಹೋಗ್ತಾರೆ. ಯಾವುದು ತೆರ್ಕೊಳ್ಳುತ್ತೋ ಅಲ್ಲಿ ನುಗ್ತಾರೆ."

"ಸರಿ, ಬದಲಾಯಿಸಿಬಿಡು. ಆ ಪಟ್ಟೀನೂ ಅಳಿಸು," ಎಂದ ಅಣ್ಣ. "ಯಾರಿಗೂ ಹೇಳೋದು ಬೇಡ. ಸುದ್ದಿ ಹೊರಗೆ ಹೋದ್ರೆ ಅಂಗಡಿಗೆ ಒಂದು ನರಪಿಳ್ಳೆ ಬರಲ್ಲ."

"ಅಳಿಸಬೇಡಿ! ಪೊಲೀಸರಿಗೆ ಅದೇ ಸಾಕ್ಷಿ. ಮೊದಲು ಅದರ ಫೋಟೊ ತೆಗೆದಿಟ್ಕೊಳ್ಳಿ," ಎಂದಳು ನಾದಿನಿ.

ಟೈಲರಕ್ಕ ಅಳತೆ ಪುಸ್ತಕ ತೆರೆದು ಕುಳಿತಿದ್ದಳು. ಹನ್ನೊಂದು ದಿನಗಳಲ್ಲಿ ಹತ್ತೊಂಬತ್ತು ಹೆಸರು. ಅದರಲ್ಲಿ ಇಬ್ಬರು ಮಗಳ ಗೆಳತಿಯರು.

"ಇವರೆಲ್ಲ ನನ್ನ ನಂಬಿ ಒಳಗೆ ಹೋದೋರು ರೀ," ಎಂದಳು. "ಅಂಗಡಿ ಮುಚ್ಚಿದ್ರೆ ಮುಚ್ಚಲಿ. ನಾನು ಹೇಳ್ತೀನಿ."

ಅಂದೇ ಮೂವರೂ ಹೋಗಿ ಪೊಲೀಸರಿಗೆ ದೂರು ಕೊಟ್ಟರು. ಮರುದಿನ ಬೆಳಗ್ಗೆ ಅವಳು ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದಳು. ಒಬ್ಬರು ಬೈದರು. ಒಬ್ಬರು ಅತ್ತರು. ಇಬ್ಬರು ಬಟ್ಟೆ ವಾಪಸ್ ಕೊಡು ಎಂದರು. ನರ್ಸಮ್ಮನ ನಂಬರ್ ಒತ್ತಲು ಕೈ ಬರಲಿಲ್ಲ, ಕೊನೆಗೆ ಒತ್ತಿದಳು.

ಎಲ್ಲ ಕೇಳಿ ನರ್ಸಮ್ಮ ಎಂದರು, "ನಿನ್ನೆ ಕರೆಂಟು ಅಂದ್ರಲ್ಲ."

"ಸುಳ್ಳು ಹೇಳ್ದೆ. ಹೆದರಿಬಿಟ್ಟೆ. ತಪ್ಪಾಯ್ತು."

ಫೋನ್ ಕಟ್ ಆಯಿತು.

ನಾಲ್ಕು ದಿನ ಅಂಗಡಿಗೆ ಯಾರೂ ಬರಲಿಲ್ಲ. ಗಂಡ "ನಾನು ಹೇಳ್ಲಿಲ್ವಾ" ಎನ್ನಲಿಲ್ಲ. ಕ್ಯಾಮೆರಾ ತಾನೇ ಬಿಚ್ಚಿದ. ತಂಗಿಯ ಪಕ್ಕ ಕುಳಿತು, ತಮ್ಮ ಮನೆಯವರಿಗೆ ಮಾತ್ರ ಗೊತ್ತಿರುವ, ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಜೋಡಿಸಿ ಹೊಸ ಪಾಸ್‌ವರ್ಡ್ ಹಾಕಿದ. ಫೋನಿಗೆ ಬರುವ ಅಂಕಿಯನ್ನೂ ಒತ್ತಿದರೆ ಮಾತ್ರ ಒಳಹೋಗುವಂತೆ ಮಾಡಿಸಿಕೊಂಡ. ಆಮೇಲೆ ಕ್ಯಾಮೆರಾವನ್ನು ಅಂಗಡಿಯ ಹೊರಗೆ, ಬಾಗಿಲಿನ ಮೇಲೆ ಕಟ್ಟಿದ.

ಐದನೆಯ ದಿನ ನರ್ಸಮ್ಮ ಬಂದರು. ಒಳಗೆ ಬರದೆ ಹೊಸ್ತಿಲಲ್ಲೇ ನಿಂತರು.

"ನಾನೂ ಪೊಲೀಸರಿಗೆ ಹೇಳಿಕೆ ಕೊಟ್ಟು ಬಂದೆ. ನಿಮ್ಮ ಮೇಲೆ ಇನ್ನೂ ಸಿಟ್ಟಿದೆ ಅಕ್ಕ," ಎಂದರು. "ಆದ್ರೆ ನೀವು ಹೇಳಿದ ದಿನ ರಾತ್ರಿ ಮನೆಗೆ ಹೋಗಿ ನೋಡ್ದೆ. ನನ್ನ ಮಗು ಮಲಗೋ ಕೋಣೇಲಿ ಒಂದು ಕ್ಯಾಮೆರಾ ಇದೆ. ಅದಕ್ಕೂ ಡಬ್ಬದ ಪಾಸ್‌ವರ್ಡೇ ಇತ್ತು. ನೀವು ಬಾಯಿ ಮುಚ್ಕೊಂಡಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ."

ಟೈಲರಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ನುಗ್ಗಿದವರು ಇನ್ನೂ ಸಿಕ್ಕಿಲ್ಲ. ಪೊಲೀಸರು ಹುಡುಕುತ್ತಿದ್ದಾರೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಕ್ಯಾಮೆರಾ ಇದೆಯೇ? ಇವತ್ತೇ ಅದರ ಪಾಸ್‌ವರ್ಡ್ ಬದಲಾಯಿಸಿ. ನೆನಪಿರುವುದಿಲ್ಲ ಎಂದಾದರೆ ಒಂದು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಡಿ, ಅದರಲ್ಲಿ ನಾಚಿಕೆಯೇನಿಲ್ಲ. ಮಲಗುವ, ಬಟ್ಟೆ ಬದಲಾಯಿಸುವ ಜಾಗಕ್ಕೆ ಕ್ಯಾಮೆರಾ ಕಟ್ಟಲೇಬೇಡಿ. ಎಲ್ಲಿ ಕಟ್ಟಿದರೂ ಅಲ್ಲಿ ಓಡಾಡುವವರಿಗೆ ತಿಳಿಸಿ. ಏನಾದರೂ ಅನುಮಾನ ಬಂದರೆ ವೈರ್ ಕೀಳಿ, ಪಟ್ಟಿ ಅಳಿಸಬೇಡಿ, ದೂರು ಕೊಡಿ. ಮುಖ್ಯವಾಗಿ, ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ನಿಮ್ಮ ಒಂದು ಫೋನ್ ಕರೆಯಿಂದ ಇನ್ನೊಂದು ಮನೆಯ ಮಗು ನೆಮ್ಮದಿಯಾಗಿ ಮಲಗಬಹುದು.